ಓಡುವಾಗಲೇ ಮೀಟರ್ ಬೋರ್ಡ್ ಸತ್ತರೆ: ಹೊಸದು ಕೊಳ್ಳುವ ಮುಂಚೆ ಇಷ್ಟು ನೋಡಿ

ಪ್ರಶ್ನೆ: ನನ್ನದು ಒಂಬತ್ತು ವರ್ಷ ಹಳೆಯ ಪೆಟ್ರೋಲ್ ಕಾರು. ಇತ್ತೀಚೆಗೆ ಓಡಿಸುತ್ತಿರುವಾಗಲೇ ಮೀಟರ್ ಬೋರ್ಡ್ ಪೂರ್ತಿ ಕತ್ತಲಾಗುತ್ತದೆ. ಮುಳ್ಳುಗಳು ಇದ್ದಲ್ಲೇ ನಿಂತುಬಿಡುತ್ತವೆ. ಮೊನ್ನೆ ಕಾರು ಸಿಗ್ನಲ್‌ನಲ್ಲಿ ನಿಂತಿದ್ದರೂ ಸ್ಪೀಡೋಮೀಟರ್ ಮುಳ್ಳು 50ರಲ್ಲೇ ಇತ್ತು! ಎಂಜಿನ್‌ಗೆ ಏನೂ ಆಗುವುದಿಲ್ಲ. ಗುಂಡಿಗೋ ಹಂಪ್‌ಗೋ ಚಕ್ರ ಬಿದ್ದರೆ ಕೆಲವೊಮ್ಮೆ ದೀಪ ವಾಪಸ್ ಬರುತ್ತದೆ. ಆಗ ಮುಳ್ಳುಗಳೆಲ್ಲ ಒಮ್ಮೆ ಸೊನ್ನೆಗೆ ಇಳಿದು ಮತ್ತೆ ಮೇಲೇಳುತ್ತವೆ. ಗ್ಯಾರೇಜಿನವರು ‘ಮೀಟರ್ ಹೋಗಿದೆ, ಸೆಟ್ ಬದಲಿಸಿಬಿಡಿ, ಸೆಕೆಂಡ್ ಹ್ಯಾಂಡ್ ಹಾಕಿದರೂ ನಡೆಯುತ್ತೆ’ ಎನ್ನುತ್ತಾರೆ. ಬದಲಿಸಲೇಬೇಕಾ? ಅಲ್ಲಿಯವರೆಗೆ ಕಾರು ಓಡಿಸಬಹುದಾ?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನೀವು ಬರೆದಿರುವ ಲಕ್ಷಣ ನೋಡಿದರೆ ಮೀಟರ್ ಪೂರ್ತಿ ಕೆಟ್ಟಿರುವುದಕ್ಕಿಂತ ಮೀಟರ್‌ಗೆ ಕರೆಂಟ್ ತಪ್ಪುತ್ತಿರುವ ಸಾಧ್ಯತೆಯೇ ಜಾಸ್ತಿ. ಸುಮ್ನೆ ಊಹೆಯ ಮೇಲೆ ಹೇಳುತ್ತಿಲ್ಲ. 50ರಲ್ಲೇ ನಿಂತುಬಿಟ್ಟ ಆ ಮುಳ್ಳೇ ಇದಕ್ಕೆ ಸಾಕ್ಷಿ.

ಈಗಿನ ಹೆಚ್ಚಿನ ಕಾರುಗಳಲ್ಲಿ ಪ್ರತಿ ಮುಳ್ಳಿನ ಹಿಂದೆ ಒಂದು ಪುಟ್ಟ ಸ್ಟೆಪರ್ ಮೋಟಾರ್ ಇರುತ್ತದೆ. ಬೋರ್ಡಿನ ಮೇಲಿರುವ ಚಿಪ್ ಇಷ್ಟು ಹೆಜ್ಜೆ ಮುಂದೆ, ಇಷ್ಟು ಹೆಜ್ಜೆ ಹಿಂದೆ ಅಂದ ಹಾಗೆ ಅದು ತಿರುಗುತ್ತದೆ. ಮುಳ್ಳನ್ನು ಸೊನ್ನೆಗೆ ಎಳೆಯುವ ಸ್ಪ್ರಿಂಗ್ ಅದರಲ್ಲಿ ಇಲ್ಲ. ಹಾಗಾಗಿ ಕರೆಂಟ್ ಫಟ್ ಅಂತ ಹೋದರೆ ಮುಳ್ಳನ್ನು ಕೆಳಗಿಳಿಸುವವರೇ ಇರುವುದಿಲ್ಲ. ಅದು ಇದ್ದಲ್ಲೇ ನಿಲ್ಲುತ್ತದೆ. ಕರೆಂಟ್ ವಾಪಸ್ ಬಂದಾಗ ಯಾವ ಮುಳ್ಳು ಎಲ್ಲಿದೆ ಅಂತ ಚಿಪ್‌ಗೆ ಗೊತ್ತಿರುವುದಿಲ್ಲ. ಅದಕ್ಕೇ ಮೊದಲು ಎಲ್ಲವನ್ನೂ ಸೊನ್ನೆಗೆ ತಂದು ತಾಗಿಸಿ, ಅಲ್ಲಿಂದ ಲೆಕ್ಕ ಶುರು ಮಾಡುತ್ತದೆ. ಗುಂಡಿಗೆ ಬಿದ್ದ ಮೇಲೆ ನೀವು ನೋಡಿದ್ದು ಇದನ್ನೇ.

ಇದರ ಬದಲು ದೀಪಗಳು ಉರಿಯುತ್ತಲೇ ಇದ್ದು, ಮುಳ್ಳುಗಳು ಮಾತ್ರ ನೀಟಾಗಿ ಸೊನ್ನೆಗೆ ಇಳಿದಿದ್ದರೆ ಕಥೆ ಬೇರೆ. ಆಗ ಬೋರ್ಡ್‌ಗೆ ಕರೆಂಟ್ ಇದೆ, ಚಿಪ್ ಎಚ್ಚರವಾಗಿದೆ, ಎಂಜಿನ್ ಕಂಪ್ಯೂಟರ್‌ನಿಂದ ಬರಬೇಕಾದ ಮಾಹಿತಿ ಮಾತ್ರ ಬರುತ್ತಿಲ್ಲ ಅಂತ ಅರ್ಥ. ಅದನ್ನು ಹುಡುಕುವ ದಾರಿ ಬೇರೆ. ಅದನ್ನೂ ಮುಂದೆ ಹೇಳುತ್ತೇನೆ, ಯಾಕೆಂದರೆ ಇದನ್ನು ಓದುವ ಇನ್ನೊಬ್ಬರಿಗೆ ಆ ತೊಂದರೆ ಇರಬಹುದು.

ಮೊದಲು ನಿಮ್ಮ ಎರಡನೇ ಪ್ರಶ್ನೆ. ಓಡಿಸಬಹುದಾ?

ಗ್ಯಾರೇಜಿನ ತನಕ ಓಡಿಸಬಹುದು. ದೂರದ ಪ್ರಯಾಣ ಬೇಡ, ರಾತ್ರಿ ಹೈವೇ ಅಂತೂ ಬೇಡವೇ ಬೇಡ. ಮೀಟರ್ ಹೋದಾಗ ಎಲ್ಲರೂ ವೇಗ ಗೊತ್ತಾಗುವುದಿಲ್ಲವಲ್ಲ ಅಂತ ಚಿಂತೆ ಮಾಡುತ್ತಾರೆ. ನನ್ನ ಲೆಕ್ಕದಲ್ಲಿ ಅದು ಸಣ್ಣ ಸಮಸ್ಯೆ. ಸುತ್ತಲಿನ ಗಾಡಿಗಳ ಜೊತೆಗೆ ಹೋದರೆ ವೇಗ ಅಂದಾಜಿಗೆ ಸಿಗುತ್ತದೆ. ದೊಡ್ಡ ಸಮಸ್ಯೆ ಕೆಂಪು ದೀಪಗಳದ್ದು. ಆಯಿಲ್ ಪ್ರೆಷರ್ ಬಿದ್ದರೆ ನಿಮಗೆ ಹೇಳುವುದು ಅದೊಂದೇ ದೀಪ. ಎಂಜಿನ್ ಕಾದರೆ ಹೇಳುವುದು ಅದೊಂದೇ ಮುಳ್ಳು ಅಥವಾ ದೀಪ. ಆಯಿಲ್ ಇಲ್ಲದೆ ಎಂಜಿನ್ ಹಾಳಾಗಲು ಹೆಚ್ಚು ಹೊತ್ತು ಬೇಕಿಲ್ಲ. ಪ್ಯಾನೆಲ್ ಕತ್ತಲಾಗಿದ್ದಾಗ ಆ ಎಚ್ಚರಿಕೆ ನಿಮ್ಮ ತನಕ ಬರುವುದೇ ಇಲ್ಲ. ಹೊರಡುವ ಮುಂಚೆ ಆಯಿಲ್ ಡಿಪ್‌ಸ್ಟಿಕ್ ನೋಡಿ, ಎಂಜಿನ್ ತಣ್ಣಗಿದ್ದಾಗ ಕೂಲೆಂಟ್ ಮಟ್ಟ ನೋಡಿ. ಇಷ್ಟು ಮಾಡಿದರೆ ಅರ್ಧ ಭಯ ಕಡಿಮೆ.

ಓಡುತ್ತಿರುವಾಗ ಪ್ಯಾನೆಲ್ ಆರಿತು ಅನ್ನಿ. ಗಾಬರಿಯಲ್ಲಿ ಕೀ ಆಫ್ ಮಾಡಬೇಡಿ. ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಗಟ್ಟಿಯಾಗುತ್ತದೆ, ಬ್ರೇಕಿನ ಸಹಾಯವೂ ಸ್ವಲ್ಪ ಹೊತ್ತಿಗೆ ಮುಗಿಯುತ್ತದೆ. ಕೀ ಪೂರ್ತಿ ಹಿಂದೆ ತಿರುಗಿ ಹೊರಗೆ ಬಂದರೆ ಸ್ಟೀರಿಂಗ್ ಲಾಕ್ ಆಗುವ ಅಪಾಯವೂ ಇದೆ. ವೇಗ ತಗ್ಗಿಸಿ, ಹಿಂದೆ ನೋಡಿಕೊಂಡು, ಸುರಕ್ಷಿತ ಜಾಗದಲ್ಲಿ ಪಕ್ಕಕ್ಕೆ ಹಾಕಿ. ಇನ್ನೊಂದು ಮಾತು. ಕೆಲವು ಕಾರುಗಳಲ್ಲಿ ಇಮೊಬಿಲೈಸರ್, ಅಂದರೆ ಕೀ ಗುರುತು ಹಿಡಿಯುವ ವ್ಯವಸ್ಥೆ, ಮೀಟರ್ ಬೋರ್ಡಿನ ಒಳಗೇ ಇರುತ್ತದೆ. ಅಂಥ ಕಾರಿನಲ್ಲಿ ಬೋರ್ಡ್ ಸತ್ತಿದ್ದಾಗ ಎಂಜಿನ್ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗದೇ ಇರಬಹುದು. ಹಾಗಾಗಿ ಎಲ್ಲೆಂದರಲ್ಲಿ ಆಫ್ ಮಾಡಬೇಡಿ. ರಾತ್ರಿಯಿಡೀ ಕಾರು ನಿಂತರೂ ಪರವಾಗಿಲ್ಲ ಅನ್ನುವ ಜಾಗ ತಲುಪಿ ಆಮೇಲೆ ಮಾಡಿ. ಆದರೆ ಹೊಗೆ, ಸುಟ್ಟ ವಾಸನೆ, ಎಂಜಿನ್‌ನಿಂದ ಟಕಟಕ ಸದ್ದು ಏನಾದರೂ ಬಂದರೆ ಈ ಲೆಕ್ಕವೆಲ್ಲ ಬಿಟ್ಟು, ಪಕ್ಕಕ್ಕೆ ಹಾಕಿ ಕೂಡಲೇ ಆಫ್ ಮಾಡಬೇಕು.

ನಿಲ್ಲಿಸಿದ ಮೇಲೆ ಇಳಿದು ಹೆಡ್‌ಲೈಟ್, ಬ್ರೇಕ್ ಲೈಟ್, ಇಂಡಿಕೇಟರ್ ನೋಡಿ. ಇಂಡಿಕೇಟರ್ ಹಾಕಿದಾಗ ಟಿಕ್ ಟಿಕ್ ಸದ್ದು ಬರಲಿಲ್ಲ ಅಂತ ಅದು ಕೆಟ್ಟಿದೆ ಅಂದುಕೊಳ್ಳಬೇಡಿ. ಹೊಸ ಕಾರುಗಳಲ್ಲಿ ಎಷ್ಟೋ ಸಲ ಆ ಸದ್ದು ಬರುವುದು ಮೀಟರ್ ಬೋರ್ಡಿನ ಪುಟ್ಟ ಸ್ಪೀಕರ್‌ನಿಂದ. ಹೊರಗೆ ದೀಪ ಮಿನುಗುತ್ತಿರಬಹುದು.

ವೇಗಕ್ಕೆ ಫೋನಿನ ಜಿಪಿಎಸ್ ಸಾಕು. ಹೋಲ್ಡರ್‌ನಲ್ಲಿ ಹಾಕಿ, ಕೈಯಲ್ಲಿ ಹಿಡಿಯಬೇಡಿ. ಅದು ಒಂದೆರಡು ಸೆಕೆಂಡ್ ತಡವಾಗಿ ತೋರಿಸುತ್ತದೆ, ಸುರಂಗದಲ್ಲಿ ಕೈಕೊಡುತ್ತದೆ. ಇಲ್ಲಿ ಒಂದು ವಿಷಯ ಗೊತ್ತಿರಲಿ. ಫೋನ್ ತೋರಿಸುವ ವೇಗ ನಿಮ್ಮ ಸ್ಪೀಡೋಮೀಟರ್ ತೋರಿಸುತ್ತಿದ್ದುದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಸ್ಪೀಡೋಮೀಟರ್ ಯಾವತ್ತೂ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಹಾಗಿಲ್ಲ. ಜಾಸ್ತಿ ತೋರಿಸಬಹುದು, ಅದೂ ನಿಜ ವೇಗದ ಶೇ. 10 ಮತ್ತು ಮೇಲೆ 4 ಕಿ.ಮೀ. ಮೀರದಂತೆ. ಹಾಗಾಗಿ ಕಂಪನಿಗಳು ಮುಳ್ಳನ್ನು ಸ್ವಲ್ಪ ಮುಂದಕ್ಕೇ ಇಟ್ಟಿರುತ್ತವೆ. ‘ಫೋನಲ್ಲಿ 56 ಇದೆ, ಇನ್ನೂ ಒತ್ತಬಹುದು’ ಅಂತ ಒತ್ತಬೇಡಿ.

ಜಿಪಿಎಸ್‌ಗಿಂತ ಒಳ್ಳೆಯದು ಒಂದು ಓಬಿಡಿ ರೀಡರ್, ಅಂದರೆ ಕಾರಿನ ಕಂಪ್ಯೂಟರ್‌ನಲ್ಲಿರುವ ಮಾಹಿತಿ ಓದುವ ಪುಟ್ಟ ಸಾಧನ. ಸ್ಟೀರಿಂಗ್ ಕೆಳಗಿರುವ 16 ಪಿನ್ ಸಾಕೆಟ್‌ಗೆ ಸಿಕ್ಕಿಸಿ ಫೋನಿಗೆ ಜೋಡಿಸಿದರೆ ವೇಗ, ಆರ್‌ಪಿಎಂ, ಕೂಲೆಂಟ್ ಬಿಸಿ, ಬ್ಯಾಟರಿ ವೋಲ್ಟೇಜ್ ಎಲ್ಲಾ ನೇರ ಎಂಜಿನ್ ಕಂಪ್ಯೂಟರ್‌ನಿಂದ ಸಿಗುತ್ತವೆ. ಆಯಿಲ್ ಪ್ರೆಷರ್ ಮಾತ್ರ ಹೆಚ್ಚಿನ ಕಾರುಗಳಲ್ಲಿ ಇದರಲ್ಲಿ ಬರುವುದಿಲ್ಲ. ಕೂಲೆಂಟ್ ಬಿಸಿ ಸಾಮಾನ್ಯವಾಗಿ 90 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. 110 ದಾಟಿ ಏರುತ್ತಲೇ ಇದ್ದರೆ ನಿಲ್ಲಿಸಿ.

ಹಳೆಯ ವಿನ್ಯಾಸದ ಕಾರು ಇರುವವರಿಗೆ ಒಂದು ಕಿವಿಮಾತು, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಆ ಕಾರುಗಳಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಬರೀ ಎಚ್ಚರಿಕೆಗಲ್ಲ. ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಚಾರ್ಜ್ ಮಾಡಲು ಶುರು ಮಾಡಬೇಕಾದರೆ ಅದಕ್ಕೆ ಮೊದಲು ಒಂಚೂರು ಕರೆಂಟ್ ಬೇಕು. ಆ ಕರೆಂಟ್ ಹೋಗುವುದು ಈ ದೀಪದ ಮೂಲಕವೇ. ಬಲ್ಬ್ ಸುಟ್ಟರೆ ಅಥವಾ ಮೀಟರ್ ಬಿಚ್ಚಿಟ್ಟು ಕಾರು ಓಡಿಸಿದರೆ ಆಲ್ಟರ್ನೇಟರ್ ಚಾರ್ಜ್ ಮಾಡದೇ ಸುಮ್ಮನೆ ತಿರುಗುತ್ತಿರಬಹುದು. ಮಾರನೇ ದಿನ ಬ್ಯಾಟರಿ ಡೌನ್. ಆಗ ಬ್ಯಾಟರಿ ಹಳೇದಾಯ್ತು ಅಂತ ಅದನ್ನೂ ಬದಲಿಸುತ್ತಾರೆ, ಪಾಪ. ಹೊಸ ಕಾರುಗಳಲ್ಲಿ ಈ ಕೆಲಸವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ.

ಈಗ ತೊಂದರೆ ಹುಡುಕುವ ಕೆಲಸ. ಯಾವುದು ಸತ್ತಿದೆ ಅನ್ನುವುದಕ್ಕಿಂತ ಯಾವ್ಯಾವುದು ಒಟ್ಟಿಗೆ ಸತ್ತಿವೆ ಅಂತ ನೋಡಬೇಕು. ಒಂದೇ ಒಂದು ಮುಳ್ಳು ಕೆಲಸ ಮಾಡುತ್ತಿಲ್ಲ, ಉಳಿದದ್ದೆಲ್ಲ ಸರಿ ಅಂದರೆ ಮೊದಲು ಸೆನ್ಸರ್ ಮೇಲೆ ಅನುಮಾನ ಪಡಬೇಕು. ಪೆಟ್ರೋಲ್ ಮುಳ್ಳು ತಪ್ಪು ತೋರಿಸಿದರೆ ಟ್ಯಾಂಕಿನೊಳಗಿನ ಫ್ಲೋಟ್ ನೋಡಿ. ಅದರ ತೋಳು ಸವೆದ ಪಟ್ಟಿಯ ಮೇಲೆ ಜಾರುತ್ತಾ ಅರ್ಧ ಟ್ಯಾಂಕ್ ಹತ್ತಿರ ಮಾತ್ರ ಹುಚ್ಚಾಟ ಆಡುವುದು ಸಾಮಾನ್ಯ. ಸ್ಪೀಡೋಮೀಟರ್ ಸತ್ತು ಜೊತೆಗೆ ಎಬಿಎಸ್ ದೀಪವೂ ಬಂದಿದ್ದರೆ ಚಕ್ರದ ಹತ್ತಿರದ ಸೆನ್ಸರ್ ಅಥವಾ ಅದರ ವೈರ್. ತುಂಬಾ ಹಳೆಯ ಕಾರಿನಲ್ಲಿ ಪೆಟ್ರೋಲ್ ಮತ್ತು ಟೆಂಪರೇಚರ್ ಎರಡೂ ಒಟ್ಟಿಗೆ ತಪ್ಪು ತೋರಿಸಿದರೆ ಎರಡು ಸೆನ್ಸರ್ ಒಂದೇ ದಿನ ಹೋಗಿರುವುದಿಲ್ಲ. ಅವೆರಡಕ್ಕೂ ಕರೆಂಟ್ ಕೊಡುವ ವೋಲ್ಟೇಜ್ ಸ್ಟೆಬಿಲೈಸರ್ ಒಂದೇ ಇರುತ್ತದೆ, ಹೋಗಿರುವುದು ಅದು. ಬೆಳಕು ಮಾತ್ರ ಇಲ್ಲ, ಮುಳ್ಳುಗಳು ಸರಿ ಇವೆ ಅಂದರೆ ಡಿಮ್ಮರ್ ಗುಂಡಿ ನೋಡಿ. ಕಾರು ಒರೆಸುವಾಗಲೋ ಮಕ್ಕಳು ಆಡುವಾಗಲೋ ಅದು ಪೂರ್ತಿ ಕೆಳಗೆ ತಿರುಗಿರುತ್ತದೆ. ನಗಬೇಡಿ, ಇದೊಂದೇ ಕಾರಣಕ್ಕೆ ಮೀಟರ್ ಬಿಚ್ಚಿಸಿಕೊಂಡವರಿದ್ದಾರೆ.

ನಿಮ್ಮದು ಎಲ್ಲವೂ ಒಟ್ಟಿಗೆ ಸಾಯುವ ಜಾತಿ. ಆದ್ದರಿಂದ ಬ್ಯಾಟರಿಯಿಂದ ಬೋರ್ಡಿನವರೆಗೆ ಕರೆಂಟ್ ಹೋಗುವ ದಾರಿಯಲ್ಲೇ ಹುಡುಕಬೇಕು.

ಬ್ಯಾಟರಿಯಿಂದ ಶುರು ಮಾಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಹತ್ತಿರ ಇರಬೇಕು. 12.2 ಅಂದರೆ ಸುಮಾರು ಅರ್ಧ ಚಾರ್ಜ್. ಎಂಜಿನ್ ಓಡುವಾಗ ಹೆಚ್ಚಿನ ಕಾರುಗಳಲ್ಲಿ 13.8ರಿಂದ 14.5. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಟರ್ಮಿನಲ್ ಕೈಯಲ್ಲಿ ಅಲ್ಲಾಡಿಸಿದರೆ ಅಲ್ಲಾಡಬಾರದು. ಬ್ಯಾಟರಿ ತೊಂದರೆ ಸಾಮಾನ್ಯವಾಗಿ ಸ್ಟಾರ್ಟ್ ಮಾಡುವಾಗ ಕಾಣಿಸಿಕೊಳ್ಳುತ್ತದೆ: ಮುಳ್ಳುಗಳು ಕುಣಿಯುತ್ತವೆ, ರಿಲೇ ಟಕಟಕ ಅನ್ನುತ್ತದೆ, ಎಲ್ಲಾ ದೀಪ ಒಮ್ಮೆಗೇ ಬಂದು ಹೋಗುತ್ತವೆ. ನಿಮ್ಮದು ಓಡುವಾಗ ಆಗುತ್ತಿರುವುದರಿಂದ ಇದು ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಆದರೂ ನೋಡಲು ಎರಡು ನಿಮಿಷ ಸಾಕು, ನೋಡಿಬಿಡಿ.

ಆಮೇಲೆ ಫ್ಯೂಸ್. ಮೀಟರ್ ಬೋರ್ಡಿಗೆ ಸಾಮಾನ್ಯವಾಗಿ ಎರಡು ಕಡೆಯಿಂದ ಕರೆಂಟ್ ಬರುತ್ತದೆ. ಒಂದು ಬ್ಯಾಟರಿಯಿಂದ ನೇರ, ಕೀ ಆಫ್ ಇದ್ದರೂ ಇರುತ್ತದೆ. ಇನ್ನೊಂದು ಕೀ ಆನ್ ಮಾಡಿದಾಗ ಮಾತ್ರ. ಎರಡಕ್ಕೂ ಬೇರೆ ಬೇರೆ ಫ್ಯೂಸ್. ಕಾರಿನ ಮ್ಯಾನ್ಯುಯಲ್‌ನಲ್ಲಿ ಯಾವುದು ಎಂದು ಇರುತ್ತದೆ. ಎಷ್ಟೋ ಜನ ಒಂದನ್ನು ನೋಡಿ ‘ಫ್ಯೂಸ್ ಸರಿ ಇದೆ’ ಎಂದು ಮುಗಿಸುತ್ತಾರೆ, ಇನ್ನೊಂದನ್ನು ಮುಟ್ಟುವುದೇ ಇಲ್ಲ. ಫ್ಯೂಸನ್ನು ಕಣ್ಣಲ್ಲಿ ನೋಡಿ ನಂಬಬೇಡಿ. ಕೂದಲೆಳೆಯಷ್ಟು ಬಿರುಕು ಕಣ್ಣಿಗೆ ಕಾಣುವುದಿಲ್ಲ. ಕೀ ಆನ್ ಮಾಡಿ, ಫ್ಯೂಸ್ ಜಾಗದಲ್ಲೇ ಇರಲಿ, ಅದರ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಕಾಣುತ್ತವೆ ಅಲ್ವಾ, ಟೆಸ್ಟ್ ಲ್ಯಾಂಪ್‌ನ, ಅಂದರೆ ಕರೆಂಟ್ ಇದ್ದರೆ ಉರಿಯುವ ಪುಟ್ಟ ಪರೀಕ್ಷಾ ದೀಪದ, ತುದಿಯನ್ನು ಎರಡಕ್ಕೂ ಮುಟ್ಟಿಸಿ. ಎರಡೂ ಕಡೆ ಉರಿಯಬೇಕು. ಒಂದೇ ಕಡೆ ಉರಿದರೆ ಫ್ಯೂಸ್ ಹೋಗಿದೆ. ಎರಡೂ ಕಡೆ ಇಲ್ಲ ಅಂದರೆ ಫ್ಯೂಸಿನ ತನಕ ಕರೆಂಟೇ ಬರುತ್ತಿಲ್ಲ.

ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರ್‌ದು ಹಾಕಿ. 7.5 ಕಂದು, 10 ಕೆಂಪು, 15 ನೀಲಿ, 20 ಹಳದಿ. ‘ಪದೇ ಪದೇ ಹೋಗ್ತಾ ಇದೆ, ದೊಡ್ಡದು ಹಾಕಿಬಿಡೋಣ’ ಅನ್ನುವವರ ಕೈಗೆ ಕಾರು ಕೊಡಬೇಡಿ. ಆಗ ಫ್ಯೂಸಿನ ಬದಲು ವೈರ್ ಸುಡುತ್ತದೆ.

ನಿಮ್ಮ ವಿಷಯದಲ್ಲಿ ಫ್ಯೂಸ್ ಸುಟ್ಟಿಲ್ಲ, ಯಾಕೆಂದರೆ ಸುಟ್ಟ ಫ್ಯೂಸ್ ಗುಂಡಿಗೆ ಬಿದ್ದರೆ ಸರಿಯಾಗುವುದಿಲ್ಲ. ಆದರೆ ಫ್ಯೂಸ್ ಕೂರುವ ಜಾಗ ಸಡಿಲವಾಗಿರಬಹುದು. ಫ್ಯೂಸ್ ತೆಗೆದು ಕಾಲುಗಳನ್ನು ನೋಡಿ. ಹಸಿರು ಪುಡಿ ಇದ್ದರೆ ನೀರು ಬಂದಿದೆ. ಮುಂದಿನ ಗಾಜಿನ ಅಂಚಿನಿಂದಲೋ ಸನ್‌ರೂಫ್ ಕೊಳವೆಯಿಂದಲೋ ಸೋರಿದ ನೀರು ಸೀದಾ ಫ್ಯೂಸ್ ಪೆಟ್ಟಿಗೆಗೆ ಇಳಿಯುವುದುಂಟು. ಪ್ಲಾಸ್ಟಿಕ್ ಕರಗಿ ಕಂದಾಗಿದ್ದರೆ ಅಲ್ಲಿ ಸಡಿಲ ಕಾಂಟ್ಯಾಕ್ಟ್ ಕಾದಿದೆ ಅಂತ ಅರ್ಥ.

ಮುಂದಿನ ಅನುಮಾನ ಕೀ ಸ್ವಿಚ್. ಕೀ ಹಾಕುವ ತೂತಿನ ಹಿಂದೆ ಇರುವ ವಿದ್ಯುತ್ ಭಾಗದ ಕಾಂಟ್ಯಾಕ್ಟ್‌ಗಳು ವರ್ಷಗಟ್ಟಲೆ ತಿರುಗಿ ಸವೆಯುತ್ತವೆ. ಕಾರಿನ ಕೀ ಜೊತೆ ಮನೆ ಕೀ, ಅಂಗಡಿ ಕೀ ಎಲ್ಲಾ ಗೊಂಚಲು ಕಟ್ಟಿ ನೇತುಹಾಕಿದ್ದರೆ ಇನ್ನೂ ಬೇಗ. ಕಾರು ನಿಲ್ಲಿಸಿ, ಗೇರ್ ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಓಡುತ್ತಿರುವಾಗ ಕೀಯನ್ನು ತಿರುಗಿಸದೆ ಮೆಲ್ಲಗೆ ಆಚೀಚೆ ಅಲುಗಿಸಿ. ಪ್ಯಾನೆಲ್ ಮಿಣುಕಿದರೆ ಕಳ್ಳ ಸಿಕ್ಕಿದ. ಇನ್ನೊಂದು ಸುಳಿವು: ಪ್ಯಾನೆಲ್ ಆರಿದಾಗ ಅದರ ಜೊತೆ ಎಸಿ ಫ್ಯಾನ್, ವೈಪರ್, ಪವರ್ ವಿಂಡೋ ಕೂಡ ನಿಲ್ಲುತ್ತವಾ? ಮುಂದಿನ ಸಲ ಆದಾಗ ಫ್ಯಾನ್ ಸದ್ದು ಕೇಳಿಸಿಕೊಳ್ಳಿ. ನಿಂತರೆ ಕೀ ಸ್ವಿಚ್ ಅಥವಾ ಅದರ ನಂತರದ ರಿಲೇ. ಫ್ಯಾನ್ ಓಡುತ್ತಲೇ ಇದ್ದು ಪ್ಯಾನೆಲ್ ಮಾತ್ರ ಆರಿದರೆ ತೊಂದರೆ ಬೋರ್ಡಿನ ಹತ್ತಿರವೇ ಇದೆ.

ಟ್ರಿಪ್ ಮೀಟರನ್ನೂ ಗಮನಿಸಿ. ಕೆಲವು ಕಾರುಗಳಲ್ಲಿ ಬ್ಯಾಟರಿಯ ನೇರ ಕರೆಂಟ್ ತಪ್ಪಿದರೆ ಟ್ರಿಪ್ ಮೀಟರ್ ಮತ್ತು ಗಡಿಯಾರ ಮೊದಲಿನಿಂದ ಶುರುವಾಗುತ್ತವೆ. ಕೀ ಮೂಲಕ ಬರುವುದು ಮಾತ್ರ ತಪ್ಪಿದರೆ ಅವು ಹಾಗೇ ಉಳಿಯುತ್ತವೆ. ಮೆಕ್ಯಾನಿಕ್‌ಗೆ ಇದನ್ನು ಹೇಳಿದರೆ ಅವರ ಕೆಲಸ ಅರ್ಧ ಕಡಿಮೆ.

ಅರ್ಥ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಎಲ್ಲರೂ ಬಿಡುವುದು ಇದನ್ನೇ. ಕರೆಂಟ್ ಬಂದರೆ ಸಾಲದು, ವಾಪಸ್ ಹೋಗಲೂ ದಾರಿ ಬೇಕು. ಮೀಟರ್ ಬೋರ್ಡಿನ ಅರ್ಥ್ ವೈರ್ ಡ್ಯಾಶ್‌ಬೋರ್ಡಿನ ಹಿಂದೆ ಎಲ್ಲೋ ಕಾರಿನ ಬಾಡಿಗೆ ಒಂದು ಬೋಲ್ಟ್‌ನಲ್ಲಿ ಸಿಕ್ಕಿರುತ್ತದೆ. ಆ ಬೋಲ್ಟ್ ಸಡಿಲವಾದರೆ, ಕೆಳಗೆ ತುಕ್ಕು ಕಟ್ಟಿದರೆ ಆಟ ಶುರು. ಪೂರ್ತಿ ಕಡಿದರೆ ಪ್ಯಾನೆಲ್ ಸಾಯುತ್ತದೆ. ಅರ್ಧಂಬರ್ಧ ಇದ್ದರೆ ವಿಚಿತ್ರಗಳು ಕಾಣುತ್ತವೆ: ಹೆಡ್‌ಲೈಟ್ ಹಾಕಿದರೆ ಟೆಂಪರೇಚರ್ ಮುಳ್ಳು ಏರುತ್ತದೆ, ಇಂಡಿಕೇಟರ್ ಹಾಕಿದರೆ ಪೆಟ್ರೋಲ್ ಮುಳ್ಳು ತಾಳ ಹಾಕುತ್ತದೆ. ಇಂಥದ್ದು ನೋಡಿದ ತಕ್ಷಣ ಮೀಟರ್ ಬಿಟ್ಟು ಅರ್ಥ್ ಹಿಡಿಯಬೇಕು.

ಪರೀಕ್ಷೆ ಹೀಗೆ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಕಪ್ಪು ತುದಿ ಬ್ಯಾಟರಿಯ ಮೈನಸ್‌ಗೆ, ಕೆಂಪು ತುದಿ ಬೋರ್ಡಿನ ಕನೆಕ್ಟರ್‌ನಲ್ಲಿರುವ ಅರ್ಥ್ ಪಿನ್‌ಗೆ, ಅದೂ ಹಿಂಬದಿಯಿಂದ. ಕನೆಕ್ಟರ್ ಸಿಕ್ಕಿಸಿಯೇ ಇರಬೇಕು, ಪ್ಯಾನೆಲ್ ಉರಿಯುತ್ತಿರಬೇಕು, ಹೆಡ್‌ಲೈಟ್ ಹಾಕಿರಬೇಕು. ಆಗ ಮಲ್ಟಿಮೀಟರ್ 0.1 ವೋಲ್ಟ್‌ಗಿಂತ ಕಡಿಮೆ ತೋರಿಸಿದರೆ ಅರ್ಥ್ ಚೆನ್ನಾಗಿದೆ. ಅರ್ಧ ವೋಲ್ಟ್, ಒಂದು ವೋಲ್ಟ್ ಬಂದರೆ ತೊಂದರೆ ಅಲ್ಲೇ. ಕರೆಂಟ್ ಹರಿಯದೇ ಇರುವಾಗ ಬರೀ ಓಮ್ ಅಳೆದು ‘ಅರ್ಥ್ ಸರಿ ಇದೆ’ ಅನ್ನುವುದು ಪರೀಕ್ಷೆಯೇ ಅಲ್ಲ. ಹತ್ತು ಎಳೆಯಲ್ಲಿ ಒಂಬತ್ತು ಕಡಿದ ವೈರ್ ಕೂಡ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ.

ಈಗ ಬೇರೆ ಜಾತಿಯ ತೊಂದರೆಗೆ, ಅಂದರೆ ದೀಪ ಇದ್ದು ಮುಳ್ಳು ಸೊನ್ನೆಗೆ ಇಳಿದು, ಎಲ್ಲಾ ಎಚ್ಚರಿಕೆ ದೀಪಗಳು ದೀಪಾವಳಿಯ ಹಾಗೆ ಹೊತ್ತಿಕೊಳ್ಳುವ ತೊಂದರೆಗೆ ಬರೋಣ. ಇಂದಿನ ಕಾರಿನ ಕಂಪ್ಯೂಟರ್‌ಗಳೆಲ್ಲ ಕ್ಯಾನ್ ಎಂಬ ಜಾಲದಲ್ಲಿ ಮಾತಾಡುತ್ತವೆ. ಬಾಷ್ ಕಂಪನಿ 1986ರಲ್ಲಿ ಹೊರತಂದ ವ್ಯವಸ್ಥೆ ಇದು. ಹೆಣೆದ ಎರಡೇ ವೈರ್, ಎಲ್ಲರ ಮಾತೂ ಅದರ ಮೇಲೆ. ಯಾರೋ ಒಬ್ಬರು ಕೆಟ್ಟು ಜಾಲವನ್ನು ಹಿಡಿದುಕೊಂಡರೆ ಉಳಿದವರ ಮಾತೂ ನಿಲ್ಲುತ್ತದೆ. ಸ್ಕ್ಯಾನರ್ ಹಾಕಿದರೆ ಯು ಅಕ್ಷರದ ಕೋಡ್ ಬರುತ್ತವೆ. ಯು0155 ಅಂದರೆ ಮೀಟರ್ ಬೋರ್ಡಿನ ಜೊತೆ ಸಂಪರ್ಕ ತಪ್ಪಿದೆ ಎಂದು. ಯು0100 ಅಂದರೆ ಎಂಜಿನ್ ಕಂಪ್ಯೂಟರ್ ಜೊತೆ. ಗಮನಿಸಿ, ಮೊದಲನೆಯದು ‘ಬೋರ್ಡ್ ಕೆಟ್ಟಿದೆ’ ಎಂದು ಹೇಳುತ್ತಿಲ್ಲ. ‘ಅದರ ದನಿ ಕೇಳಿಸುತ್ತಿಲ್ಲ’ ಎಂದಷ್ಟೇ ಹೇಳುತ್ತಿದೆ. ಕರೆಂಟ್ ತಪ್ಪಿದ ಬೋರ್ಡ್‌ಗೂ ಇದೇ ಕೋಡ್ ಬರುತ್ತದೆ. ಕೋಡ್ ನೋಡಿ ಬೋರ್ಡ್ ಬದಲಿಸುವವರು ಇಲ್ಲೇ ಎಡವುತ್ತಾರೆ.

ಇಂಥ ಕಾರು ಬಂದರೆ ಸ್ಕ್ಯಾನರ್‌ಗಿಂತ ಮುಂಚೆ ನಾನು ಕೇಳುವುದು, ಹೊಸದಾಗಿ ಏನೇನು ಹಾಕಿಸಿದ್ದೀರಿ ಅಂತ. ಓಬಿಡಿ ಸಾಕೆಟ್‌ನಲ್ಲಿ ಸದಾ ಸಿಕ್ಕಿಸಿಟ್ಟ ರೀಡರ್, ಟ್ರ್ಯಾಕರ್, ಅಲಾರ್ಮ್, ವೈರ್ ಕತ್ತರಿಸಿ ಜೋಡಿಸಿದ ಸ್ಟೀರಿಯೋ, ಡ್ಯಾಶ್‌ಕ್ಯಾಮ್. ಎಲ್ಲಾ ಬಿಚ್ಚಿ ಒಂದೆರಡು ದಿನ ಓಡಿಸಿ ನೋಡಿ. ತೊಂದರೆ ಮಾಯವಾದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಬ್ಯಾಟರಿ ಬಿಚ್ಚಿ ಓಬಿಡಿ ಸಾಕೆಟ್‌ನ 6 ಮತ್ತು 14ನೇ ಪಿನ್ ನಡುವೆ ಓಮ್ ಅಳೆಯಬೇಕು. ಜಾಲದ ಎರಡು ತುದಿಯಲ್ಲೂ 120 ಓಮ್ ರೆಸಿಸ್ಟರ್ ಇರುವುದರಿಂದ ಸುಮಾರು 60 ಬರಬೇಕು. 120 ಬಂದರೆ ಎಲ್ಲೋ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. ಓಬಿಡಿಗೂ ಮೀಟರ್‌ಗೂ ನಡುವೆ ಗೇಟ್‌ವೇ, ಅಂದರೆ ಎರಡು ಜಾಲಗಳ ನಡುವೆ ಮಾತು ದಾಟಿಸುವ ಕಂಪ್ಯೂಟರ್, ಇರುವ ಕಾರುಗಳಲ್ಲಿ ಈ ಅಳತೆ ಮೀಟರ್ ಕಡೆಯ ಜಾಲದ ಬಗ್ಗೆ ಏನೂ ಹೇಳುವುದಿಲ್ಲ, ಅಷ್ಟು ನೆನಪಿರಲಿ.

ನಿಮ್ಮ ಕಾರಿಗೆ ವಾಪಸ್ ಬರೋಣ. ಫ್ಯೂಸ್, ಕೀ ಸ್ವಿಚ್, ಅರ್ಥ್ ಎಲ್ಲಾ ಸರಿ ಇದೆ, ಕನೆಕ್ಟರ್ ಪಿನ್‌ಗೆ ಪ್ಯಾನೆಲ್ ಆರಿದಾಗಲೂ 12 ವೋಲ್ಟ್ ಬರುತ್ತಿದೆ ಅಂತ ಗೊತ್ತಾದರೆ ಮಾತ್ರ ಬೋರ್ಡ್ ಹೊರಗೆ ತೆಗೆಯಬೇಕು. ಹೇಗೆ ಗೊತ್ತಾಗುತ್ತದೆ? ಆರಿದಾಗ ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಿಂದ ಮೆಲ್ಲಗೆ ತಟ್ಟಿ, ಆಮೇಲೆ ಹಿಂದಿನ ಕನೆಕ್ಟರ್ ಒತ್ತಿ ನೋಡಿ. ಕನೆಕ್ಟರ್ ಒತ್ತಿದಾಗ ಬಂದರೆ ಪಿನ್ ಸಡಿಲ ಅಥವಾ ಬೋರ್ಡಿನ ಮೇಲೆ ಪಿನ್ ಬೆಸುಗೆ ಬಿಟ್ಟಿದೆ.

ಈ ಬೆಸುಗೆಯನ್ನು ಒಮ್ಮೆ ಭೂತಗನ್ನಡಿಯಲ್ಲಿ ನೋಡಿದರೆ ಮರೆಯುವುದಿಲ್ಲ. ಒಳ್ಳೆಯ ಬೆಸುಗೆ ಪಿನ್ ಸುತ್ತ ನುಣ್ಣಗೆ ಇಳಿಜಾರಾಗಿ ಹತ್ತಿರುತ್ತದೆ. ಬಿಟ್ಟ ಬೆಸುಗೆಯಲ್ಲಿ ಪಿನ್ನಿನ ಬುಡದ ಸುತ್ತ ತೆಳ್ಳಗಿನ ಕಪ್ಪು ಉಂಗುರ ಕಾಣುತ್ತದೆ. ಪಿನ್ ಅಲುಗಿಸಿದರೆ ಆ ಉಂಗುರದೊಳಗೆ ಪಿನ್ ಮಾತ್ರ ಅಲ್ಲಾಡುತ್ತದೆ, ಸುತ್ತಲಿನ ಸೀಸ ಅಲ್ಲಾಡುವುದಿಲ್ಲ. ಬಿಸಿಲಲ್ಲಿ ನಿಂತು ಕಾಯುವುದು, ರಾತ್ರಿ ತಣ್ಣಗಾಗುವುದು, ಓಡುವಾಗ ನಡುಗುವುದು, ಇದೇ ವರ್ಷಗಟ್ಟಲೆ ಆದರೆ ಹೀಗಾಗುತ್ತದೆ. ಒಂಬತ್ತು ವರ್ಷದ ಕಾರು, ಗುಂಡಿಗೆ ಬಿದ್ದರೆ ಸರಿಯಾಗುವ ಪ್ಯಾನೆಲ್. ನನ್ನ ಅನುಮಾನ ಎಲ್ಲಕ್ಕಿಂತ ಜಾಸ್ತಿ ಇದರ ಮೇಲೇ. ಹಳೆಯ ಬೆಸುಗೆ ಪೂರ್ತಿ ತೆಗೆದು, ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಅಂಟು) ಹಾಕಿ ಹೊಸದು ಹಾಕಬೇಕು. ಹಳೆಯದರ ಮೇಲೇ ಸ್ವಲ್ಪ ಸೀಸ ಸುರಿದರೆ ಮತ್ತೆ ಬಿಡುತ್ತದೆ. ಬೋರ್ಡಿನಲ್ಲಿ ಉಬ್ಬಿದ ಅಥವಾ ಸೋರಿದ ಕೆಪಾಸಿಟರ್ ಕಂಡರೆ ಅದನ್ನೂ ಅದೇ ಕೈಯಲ್ಲಿ ಬದಲಿಸಲಿ.

ನೀವೇ ಬಿಚ್ಚುವ ಹುಮ್ಮಸ್ಸಿದ್ದರೆ ಕೆಲವು ಎಚ್ಚರಿಕೆ. ಬ್ಯಾಟರಿಯ ಮೈನಸ್ ಬಿಚ್ಚಿ, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಹೊತ್ತು ಕಾಯಿರಿ, ಪಕ್ಕದಲ್ಲೇ ಏರ್‌ಬ್ಯಾಗ್ ಇದೆ. ಸ್ಟೀರಿಂಗ್ ಕೆಳಗಿಳಿಸಿ ಅದರ ಮೇಲೆ ಬಟ್ಟೆ ಹಾಕಿ. ಬೋರ್ಡ್ ಹೊರಗಿದ್ದಾಗ ಕೀ ಆನ್ ಮಾಡಬೇಡಿ, ಕೆಲವು ಕಾರುಗಳಲ್ಲಿ ಏರ್‌ಬ್ಯಾಗ್ ಕೋಡ್ ಕೂತು ಅದನ್ನು ತೆಗೆಸಲು ಮತ್ತೆ ಓಡಾಡಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಮುಳ್ಳುಗಳನ್ನು ಕೀಳಬೇಡಿ. ಕಿತ್ತ ಮುಳ್ಳನ್ನು ಅದೇ ಕೋನದಲ್ಲಿ ಕೂರಿಸುವುದು ಕಷ್ಟ, ಆಮೇಲೆ ಕಾರು 60ರಲ್ಲಿ ಹೋದರೆ ಮೀಟರ್ 52 ಅನ್ನುತ್ತದೆ. ಬೆಸುಗೆ ಹಾಕಿ ಅಭ್ಯಾಸವಿಲ್ಲದಿದ್ದರೆ ಬೋರ್ಡ್ ಬಿಚ್ಚುವ ತನಕ ನೀವು, ಬೆಸುಗೆ ಮೀಟರ್ ರಿಪೇರಿ ಮಾಡುವವರು ಅಂತ ಕೆಲಸ ಹಂಚಿಕೊಳ್ಳಿ.

ಇನ್ನು ಸೆಕೆಂಡ್ ಹ್ಯಾಂಡ್ ಸೆಟ್ ವಿಷಯ. ನೋಡಲು ಒಂದೇ ತರಹ ಇದ್ದು, ಕನೆಕ್ಟರ್ ಕೂತರೂ ಅದು ನಿಮ್ಮ ಕಾರಿನದ್ದಲ್ಲ. ಅದರ ಮೆಮೊರಿ ಚಿಪ್‌ನಲ್ಲಿ ಬೇರೆ ಕಾರಿನ ಕಿಲೋಮೀಟರ್ ಇದೆ, ಬೇರೆ ಕೀಗಳ ಗುರುತು ಇರಬಹುದು, ಬೇರೆ ಟ್ಯಾಂಕಿನ ಲೆಕ್ಕ ಇರಬಹುದು. ಪೆಟ್ರೋಲ್ ಕಾರಿಗೆ ಡೀಸೆಲ್ ಸೆಟ್ ಹಾಕಿದರೆ ಆರ್‌ಪಿಎಂ ಡಯಲ್ ಅಂಕಿಗಳೇ ಬೇರೆ. ಕೋಡಿಂಗ್, ಅಂದರೆ ಬೋರ್ಡನ್ನು ಕಂಪ್ಯೂಟರ್‌ನಿಂದ ನಿಮ್ಮ ಕಾರಿಗೆ ಹೊಂದಿಸುವ ಕೆಲಸ, ಮಾಡದೆ ಕಾರು ಸ್ಟಾರ್ಟ್ ಆಗದೇ ಇರಬಹುದು. ಕೋಡಿಂಗ್ ಮಾಡುವವರು ‘ಕಿಲೋಮೀಟರ್ ಎಷ್ಟು ಬೇಕೋ ಅಷ್ಟು ಇಡ್ತೀವಿ’ ಅಂದರೆ ಅಲ್ಲಿಂದ ಎದ್ದುಬನ್ನಿ. ಕಿಲೋಮೀಟರ್ ತಿದ್ದುವುದು ಎಷ್ಟೋ ದೇಶಗಳಲ್ಲಿ ಅಪರಾಧ. ನಾಳೆ ಕಾರು ಮಾರುವಾಗ ಸರ್ವೀಸ್ ದಾಖಲೆಗೂ ಮೀಟರ್‌ಗೂ ತಾಳೆಯಾಗದೆ ನಿಮ್ಮ ಮೇಲೇ ಅನುಮಾನ ಬರುತ್ತದೆ. ಅದಕ್ಕೇ ನನ್ನ ಮತ ಯಾವಾಗಲೂ ಒಂದೇ: ಸಾಧ್ಯವಿರುವ ತನಕ ಕಾರಿನ ಸ್ವಂತ ಬೋರ್ಡನ್ನೇ ರಿಪೇರಿ ಮಾಡಿಸಿ. ಕಿಲೋಮೀಟರ್, ಕೀ, ಕೋಡಿಂಗ್ ಯಾವುದೂ ಕದಲುವುದಿಲ್ಲ. ಬೋರ್ಡಿಗೆ ನೀರು ನುಗ್ಗಿ ತಾಮ್ರದ ಗೆರೆಗಳೇ ಕೊರೆದುಹೋಗಿದ್ದರೆ, ಅಥವಾ ಪೂರ್ತಿ ಡಿಜಿಟಲ್ ಪರದೆ ಒಡೆದಿದ್ದರೆ ಮಾತ್ರ ಬದಲಿಸುವ ಯೋಚನೆ. ಆಗಲೂ ಹಳೆಯ ಮತ್ತು ಹೊಸ ಮೀಟರ್‌ನ ಕಿಲೋಮೀಟರ್, ತಾರೀಖು ಎರಡೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಈಗಲೇ, ಪ್ಯಾನೆಲ್ ಉರಿಯುತ್ತಿರುವಾಗ, ಓಡೋಮೀಟರಿನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಮತ್ತೆ ಗ್ಯಾರೇಜಿಗೆ ಹೋದಾಗ ‘ಮೀಟರ್ ಹೋಗಿದೆಯಂತೆ’ ಎಂದು ಶುರು ಮಾಡಬೇಡಿ. ‘ಆರಿದಾಗ ಮುಳ್ಳು ಇದ್ದಲ್ಲೇ ನಿಲ್ಲುತ್ತದೆ, ಕುಲುಕಿದರೆ ಬರುತ್ತದೆ, ಕನೆಕ್ಟರ್ ಹತ್ತಿರ ಎರಡೂ ಕರೆಂಟ್ ಮತ್ತು ಅರ್ಥ್ ಅಳೆದು ಹೇಳಿ’ ಅನ್ನಿ. ಅಳೆಯದೇ ಬದಲಿಸಿ ಎನ್ನುವವರಾದರೆ ಬೇರೆ ಆಟೋ ಎಲೆಕ್ಟ್ರಿಷಿಯನ್ ಹುಡುಕಿ.

ರಿಪೇರಿ ಮುಗಿಸಿ ಕಾರು ಕೊಟ್ಟಾಗ ಸ್ಟಾರ್ಟ್ ಮಾಡುವ ಮುಂಚೆ ಕೀ ಆನ್ ಮಾಡಿ ನಿಲ್ಲಿಸಿ. ಆಯಿಲ್, ಬ್ಯಾಟರಿ, ಏರ್‌ಬ್ಯಾಗ್, ಎಬಿಎಸ್, ಚೆಕ್ ಎಂಜಿನ್ ದೀಪಗಳು ಹೊತ್ತಿಕೊಳ್ಳಬೇಕು. ಏರ್‌ಬ್ಯಾಗ್, ಎಬಿಎಸ್ ಸ್ವಲ್ಪ ಹೊತ್ತಿಗೆ ಆರುತ್ತವೆ, ಆಯಿಲ್ ಮತ್ತು ಬ್ಯಾಟರಿ ದೀಪ ಎಂಜಿನ್ ಓಡಿದ ಮೇಲೆ ಆರಬೇಕು. ಆಮೇಲೆ ಒಂದು ಸುತ್ತು ಹೋಗಿ ಫೋನಿನ ವೇಗದ ಜೊತೆ ಮುಳ್ಳನ್ನು ಹೋಲಿಸಿ. ಹಂಪ್ ಮೇಲೂ ಒಮ್ಮೆ ಹತ್ತಿಸಿ ನೋಡಿ. ಕೀ ಆನ್ ಮಾಡಿದಾಗ ಆಯಿಲ್ ದೀಪ ಹೊತ್ತಲೇ ಇಲ್ಲ ಅಂದರೆ, ಕೆಲವು ಹೊಸ ಕಾರುಗಳಲ್ಲಿ ಅದು ಹೊತ್ತುವುದಿಲ್ಲ ಅಂತ ಮ್ಯಾನ್ಯುಯಲ್‌ನಲ್ಲೇ ಇದ್ದರೆ ಸರಿ. ಹಾಗಿಲ್ಲದಿದ್ದರೆ ಕಾರು ಅಲ್ಲಿಂದ ತೆಗೆಯಬೇಡಿ, ಬೋರ್ಡ್ ಮತ್ತೆ ಬಿಚ್ಚಿಸಿ.